ಕುಮಾರಧಾರೆಯ ದೋಣಿ, ಸೋಚಿಮಿಲ್ಕೊವಿನ ಕಾಲುವೆ

ಚಂಪಾಷಷ್ಠಿಯ ಬ್ರಹ್ಮರಥೋತ್ಸವ ಮುಗಿದ ಮೇಲೆ ಕುಕ್ಕೆಯ ಸುಬ್ರಹ್ಮಣ್ಯ ಸ್ವಾಮಿಯು ಕುಮಾರಧಾರೆಗೆ ಬಿಜಯಂಗೈದು ಅವಭೃತಸ್ನಾನದೊಡನೆ ನೌಕಾವಿಹಾರವನ್ನೂ ನಡೆಸುವುದು ಸಂಪ್ರದಾಯ. ಮಲೆಕುಡಿಯರು ಬಿದಿರು ಬೆತ್ತಗಳಿಂದ ಕಟ್ಟಿ ನಿಲ್ಲಿಸಿದ ಎತ್ತರದ ರಥದಲ್ಲಿ ಬೀದಿಯುದ್ದಕ್ಕೂ ಮೆರೆದ ದೇವರು, ಆಮೇಲೆ ಪುಟ್ಟದೊಂದು ತೆಪ್ಪದಲ್ಲಿ ಕುಳಿತು ಹೊಳೆಯ ಮೇಲೆ ತೇಲುವ ನೋಟ ಕಂಡವರ ಕಣ್ಣಿನಲ್ಲಿ ಬಹುಕಾಲ ನಿಲ್ಲುವಂಥದು. ಅಷ್ಟಕ್ಕೇ ಅಲ್ಲಿನ ಜಲವಿಲಾಸ ಮುಗಿಯುವುದಿಲ್ಲ. ಜಾತ್ರೆಯ ಕೊನೆಗೆ ನೀರುಬಂಡಿ ಉತ್ಸವವೆಂಬುದೊಂದಿದೆ. ದೇವಾಲಯದ ಹೊರಾಂಗಣಕ್ಕೆ ನೀರು ತುಂಬಿಸಿ, ಬಂಡಿರಥವನ್ನು ಆ ನೀರಿನಲ್ಲೇ ಎಳೆಯುತ್ತಾರೆ. ದೇವಸ್ಥಾನದ ಆನೆಯೂ ಊರಿನ ಮಕ್ಕಳೂ ಒಂದೇ ಉತ್ಸಾಹದಿಂದ ಅದರಲ್ಲಿ ಹೊರಳಾಡುತ್ತಾರೆ. ಹೊಳೆ ದೇವರ ಬಳಿಗೆ ಬಂದಿತೋ ದೇವರು ಹೊಳೆಯ ಬಳಿಗೆ ಹೋದರೋ ಎಂಬ ಭೇದ ಆ ದಿನ ಉಳಿಯುವುದಿಲ್ಲ.

ಪುತ್ತೂರಿನಲ್ಲಿ ಕಾಲವೂ ಬೇರೆ, ನೀರೂ ಬೇರೆ. ಏಪ್ರಿಲ್ ೧೦ರಂದು ಕೊಡಿಯೇರಿ ಮೊದಲಾಗುವ ಮಹಾಲಿಂಗೇಶ್ವರನ ಜಾತ್ರೆಯಲ್ಲಿ, ಸುಡುಬಿಸಿಲಿನ ಆ ದಿನಗಳಲ್ಲಿ, ಕೆರೆಯ ತೆಪ್ಪೋತ್ಸವವೂ ಒಂದು ಮುಖ್ಯ ಅಂಗ. ಈ ಕೆರೆಯ ಕಥೆಯನ್ನು ಪುತ್ತೂರಿನವರಿಗೆ ಹೇಳಬೇಕಾದುದಿಲ್ಲ. ಹೊರಗಿನ ಓದುಗರಿಗಾಗಿ ಹೇಳುತ್ತೇನೆ. ಎಷ್ಟು ಅಗೆದರೂ ಕೆರೆಯಲ್ಲಿ ನೀರು ಕಾಣಲಿಲ್ಲವಂತೆ. ಕೊನೆಗೆ ಬರಿದಾದ ಆ ತಳದಲ್ಲೇ ಎಲೆ ಹಾಕಿ ಬ್ರಾಹ್ಮಣಸಂತರ್ಪಣೆಗೆ ತೊಡಗಿದರು. ಊಟ ಅರ್ಧದಲ್ಲಿರುವಾಗಲೇ ನೀರು ಉಕ್ಕಿತು, ಎಲೆಯಲ್ಲಿ ಉಳಿದ ಅನ್ನದ ಅಗುಳುಗಳು ಮುತ್ತುಗಳಾದುವು, ಮುತ್ತೂರು ಪುತ್ತೂರಾಯಿತು. ಹುತ್ತಕ್ಕೆ ಹಳಗನ್ನಡದಲ್ಲಿ 'ಪುತ್ತು' ಎಂಬ ಮಾತಿದೆಯೆಂದು ನಮ್ಮಂಥ ಕನ್ನಡ ಮೇಷ್ಟರುಗಳು ಗೊಣಗಿದರೆ ಜನ ಕೇಳುವುದಿಲ್ಲ, ಕೇಳಲೂಬಾರದು. ಮುತ್ತನ್ನು ಬಿಟ್ಟು ಹುತ್ತವನ್ನು ಯಾರು ತಾನೆ ಆರಿಸಿಕೊಂಡಾರು? ರಥೋತ್ಸವವಾದ ಮೇಲೆ ಈ 'ಹತ್ತೂರ ಒಡೆಯ'ನು ಕಾಲ್ನಡಿಗೆಯ ಮೆರವಣಿಗೆಯಲ್ಲಿ, ದಾರಿಯ ಕಟ್ಟೆಗಳಲ್ಲಿ ಪೂಜೆಗೊಳ್ಳುತ್ತ, ವೀರಮಂಗಲದವರೆಗೆ ಸಾಗಿ ಅವಭೃತಸ್ನಾನ ಮಾಡುತ್ತಾನೆ. ಆ ನೀರು ಕೂಡ ಕುಮಾರಧಾರೆಯದೇ. ಕುಕ್ಕೆಯ ದೇವರನ್ನು ಮೀಯಿಸಿದ ಹೊಳೆಯೇ ಕೆಳಗೆ ಹರಿದುಬಂದು ಪುತ್ತೂರಿನ ದೇವರನ್ನೂ ಮೀಯಿಸುತ್ತದೆ.

ಬೆಟ್ಟದ ಬುಡದ ಈ ನಾಡಿನಲ್ಲಿ ದೇವರಿಗೆ ದೋಣಿಯ ಬಯಕೆ ಏಕೆ ಬಂತು? ಕಡಲು ಇಲ್ಲಿಂದ ದೂರ. ಹೊಳೆಗಳಾದರೋ ಮಳೆಗಾಲದಲ್ಲಿ ಮದವೇರಿ, ಬೇಸಗೆಯಲ್ಲಿ ಬಂಡೆಗಳ ನಡುವೆ ನಾಚಿ ಹರಿಯುವಂಥವು. ಆದರೂ ಉತ್ತರ ಸರಳವಾದುದೇ. ತನ್ನ ಬಾಳಿಗೆ ಯಾವುದು ಅನಿವಾರ್ಯವೋ ಅದನ್ನೇ ಮನುಷ್ಯ ದೇವರಿಗೆ ವಿನೋದವಾಗಿ ಅರ್ಪಿಸುತ್ತಾನೆ. ೧,೭೧೨ ಮೀಟರ್ ಎತ್ತರದ ಕುಮಾರಪರ್ವತದ ಮಡಿಲಿನಿಂದ ಇಳಿದುಬರುವ ಕುಮಾರಧಾರೆ, ಗುಂಡ್ಯ ಹೊಳೆಯೇ ಮೊದಲಾದುವನ್ನು ಕೂಡಿಸಿಕೊಂಡು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಸುಳ್ಯದ ಪಯಸ್ವಿನಿ ಬೇರೆ ದಾರಿ ಹಿಡಿದು, ಚಂದ್ರಗಿರಿಯಾಗಿ ಕಾಸರಗೋಡಿನ ಕಡಲಿಗೆ ಹೋಗುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುವ ಈ ಸೀಮೆಯಲ್ಲಿ, ಸೇತುವೆಗಳು ಬರುವ ಮೊದಲು, ಜೂನಿನಿಂದ ಅಕ್ಟೋಬರಿನವರೆಗೆ ಊರೆಂದರೆ ನಡುಗಡ್ಡೆಯೆಂದೇ ಅರ್ಥವಿತ್ತು. ೧೯೨೩ರ ಮತ್ತು ೧೯೭೪ರ ಮಹಾಪೂರಗಳನ್ನು ಉಪ್ಪಿನಂಗಡಿಯವರು ಇಂದಿಗೂ ಕಾಲಗಣನೆಗೆ ಬಳಸುತ್ತಾರೆ; 'ಬೊಳ್ಳ ಬಂದ ವರುಷ' ಎಂದರೆ ಸಾಕು, ಅದರ ಹಿಂದು ಮುಂದುಗಳೆಲ್ಲ ತಾವಾಗಿಯೇ ಗೊತ್ತಾಗುತ್ತವೆ.

ಆ ಕಾಲದಲ್ಲಿ ಊರನ್ನು ಊರಿಗೆ ಹೊಂದಿಸುತ್ತಿದ್ದುದು ಕಡವು. ಹೊಳೆಯ ಈಚೆ ದಡದಲ್ಲಿ ನಿಂತು 'ಕೂ' ಎಂದು ಕೂಗಿದರೆ, ಆಚೆ ದಡದಿಂದ ಅಂಬಿಗನ ಮರುಕೂಗು. ಸ್ವಲ್ಪ ಹೊತ್ತಿನಲ್ಲಿ ಬಿದಿರ ಗಳುವಿನ ಏಟಿಗೆ ಓರೆಯಾಗಿ ಸಾಗಿ ಬರುವ ದೋಣಿ. ನೆಟ್ಟಗೆ ಬಂದರೆ ಸೆಳವು ಕೆಳಕ್ಕೆ ಒಯ್ಯುತ್ತದೆ; ಆದ್ದರಿಂದ ಮೊದಲು ದಡದ ಗುಂಟ ಮೇಲಕ್ಕೇರಿ, ಅನಂತರ ಹೊಳೆಗೆ ಅಡ್ಡವಾಗಿ ಬಿಟ್ಟು, ಸೆಳವಿನ ಬಲವನ್ನೇ ತನ್ನ ಕೆಲಸಕ್ಕೆ ಹಚ್ಚಿಕೊಳ್ಳುವುದು ಅಂಬಿಗನ ಜಾಣ್ಮೆ. ಶಾಂತಿಮೊಗರಿನಂಥ ಕಡವುಗಳಲ್ಲಿ ಶಾಲೆಯ ಮಕ್ಕಳು, ಮದುವೆಯ ದಿಬ್ಬಣ, ಅಡಿಕೆಯ ಮೂಟೆ, ಹೆರಿಗೆಗೆ ತವರಿಗೆ ಹೊರಟವಳು ಎಲ್ಲರೂ ದಾಟಿದ್ದು ಹೀಗೆಯೇ.

ಇದನ್ನು ನೆನೆದು ಕಣ್ಣೀರಿಡುವ ಪ್ರವೃತ್ತಿ ಈಚೆಗೆ ಹೆಚ್ಚಾಗಿದೆ. ಅದು ನನಗೆ ಒಪ್ಪಿಗೆಯಾದುದಲ್ಲ. ರಾತ್ರಿಯಲ್ಲಿ ಹೊಳೆ ಏರಿದಾಗ ದಡದಲ್ಲಿ ರೋಗಿಯನ್ನಿಟ್ಟುಕೊಂಡು ಬೆಳಕು ಹರಿಯುವುದನ್ನು ಕಾದವರಿಗೆ ಕಡವಿನ ಸೊಬಗು ಕಂಡಿರಲಾರದು. ಕಡಬದ ದಾರಿಯ ಹೊಸ್ಮಠದಲ್ಲಿ ಹಳೆಯ ಮುಳುಗುಸೇತುವೆಯಿದ್ದಷ್ಟು ಕಾಲವೂ ಮಳೆ ಜೋರಾದ ದಿನ ಬಸ್ಸುಗಳು ಎರಡೂ ದಡಗಳಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದುವು. ಎತ್ತರದ ಹೊಸ ಸೇತುವೆಯಾದ ಮೇಲೆ ಆ ಕಷ್ಟ ತಪ್ಪಿತು. ಸೇತುವೆ ಬಂದುದು ಒಳ್ಳೆಯದಾಯಿತು. ಆದರೆ ಸೇತುವೆಯೊಡನೆ ಇನ್ನೊಂದೂ ನಡೆಯಿತು: ನಾವು ಹೊಳೆಯನ್ನು ಮೇಲಿನಿಂದ, ಬಸ್ಸಿನ ಕಿಟಕಿಯಿಂದ, ಅರೆನಿಮಿಷ ಮಾತ್ರ ನೋಡತೊಡಗಿದೆವು. ನನ್ನ ತರಗತಿಗೆ ಬರುವ ಕಡಬ, ಸುಳ್ಯಗಳ ಹುಡುಗ ಹುಡುಗಿಯರಲ್ಲಿ 'ಕಡವು' ಎಂಬ ಮಾತನ್ನು ಪಾಠದಲ್ಲಿ ಮೊದಲ ಬಾರಿಗೆ ಕೇಳುವವರೇ ಹೆಚ್ಚು.

ಈಗ ದೋಣಿಯ ಪ್ರಸ್ತಾಪ ಬೇರೊಂದು ವೇಷದಲ್ಲಿ ಮರಳುವ ಕಾಲ ಬಂದಿದೆ. ಉಪ್ಪಿನಂಗಡಿಯಿಂದ ಕೆಳಗೆ, ಬಿಳಿಯೂರಿನಲ್ಲಿ ನೇತ್ರಾವತಿಗೆ ಅಡ್ಡವಾಗಿ ಕಿಂಡಿ ಅಣೆಕಟ್ಟು ಎದ್ದಿದೆ. ಮಳೆ ಹಿಂದೆಗೆದ ಮೇಲೆ ಅದಕ್ಕೆ ಹಲಗೆಯಿಳಿಸಿದರೆ ಹಿನ್ನೀರು ಮೇಲಕ್ಕೆ ಚಾಚುತ್ತ ಸಂಗಮದವರೆಗೂ ಬಂದು ನಿಲ್ಲುತ್ತದೆ. ಹಿಂದೆ ಮರಳು ಕಾಣುತ್ತಿದ್ದಲ್ಲಿ ಈಗ ಬೇಸಗೆಯಲ್ಲೂ ತುಂಬು ನೀರು. ಹೀಗಿರುವಾಗ ಇಲ್ಲಿಯೂ ದೋಣಿ ಬಿಡಬಾರದೇಕೆ, ನಾಲ್ಕು ಜನ ಪ್ರವಾಸಿಗರು ಬಂದು ನಾಲ್ಕು ಕಾಸು ಸಿಗಬಾರದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಕೇಳುವವರು ಒಡನೆಯೇ ವೆನಿಸ್ ನಗರವನ್ನೋ ಆಲಪ್ಪುಳದ ಮನೆದೋಣಿಗಳನ್ನೋ ಉದಾಹರಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಇವೆರಡೂ ನಮಗೆ ದೂರದವು. ಒಂದು ಅರಮನೆಗಳ ನಡುವಿನ ನೀರು, ಇನ್ನೊಂದು ಕಡಲ ಪಕ್ಕದ ಹಿನ್ನೀರು. ನಮ್ಮ ತೋಟದ ನೀರಿಗೆ ಹತ್ತಿರದ ನೆಂಟನಿರುವುದು ಭೂಮಂಡಲದ ಆಚೆ ಬದಿಯಲ್ಲಿ, ಮೆಕ್ಸಿಕೊ ದೇಶದಲ್ಲಿ.

ಮೆಕ್ಸಿಕೊ ಎಂದೊಡನೆ ಪುತ್ತೂರಿನವರು ಬೆಚ್ಚಬೇಕಾದುದಿಲ್ಲ. ಮಹಾಲಿಂಗೇಶ್ವರನಿಗೇರುವ ಚೆಂಡುಹೂವಿನ ಮೂಲ ನೆಲ ಅದೇ. ನಮ್ಮ ಊಟದ ಮೆಣಸಿನಕಾಯಿಯೂ ಅಲ್ಲಿಯದೇ. 'ಟೊಮೆಟೊ', 'ಚಾಕಲೇಟು' ಎಂಬ ಮಾತುಗಳು ಆ ದೇಶದ ನಾವಾತ್ಲ್ ಎಂಬ ನುಡಿಯಿಂದ ಸ್ಪೇನಿನವರ ಬಾಯಿ ಹಾದು ಲೋಕಕ್ಕೆ ಹರಡಿದುವು. ಅಡಿಕೆಯ ನೆರಳಿನಲ್ಲಿ ನಾವು ಬೆಳೆಯುವ ಕೋಕೋ ಬೀಜವನ್ನು ಅಲ್ಲಿನ ಹಳೆಯ ಅರಸೊತ್ತಿಗೆಗಳಲ್ಲಿ ನಾಣ್ಯವಾಗಿ ಚಲಾಯಿಸುತ್ತಿದ್ದರು. ೧೯೮೬ರಲ್ಲಿ ಪುತ್ತೂರಿನಲ್ಲಿ ಕ್ಯಾಂಪ್ಕೊ ಸಂಸ್ಥೆ ಚಾಕಲೇಟು ಕಾರ್ಖಾನೆ ತೆರೆದಂದಿನಿಂದ ನಮ್ಮ ರೈತನ ಕಿಸೆಗೂ ಆ ಬೀಜ ನಾಣ್ಯವಾಗಿಯೇ ಬರುತ್ತಿದೆಯೆಂದರೆ ತಪ್ಪಲ್ಲ. ಹೂವು, ಕಾಯಿ, ಬೀಜಗಳು ಬಂದಿವೆ; ಅವುಗಳ ಹಿಂದೆ ಒಂದು ಪಾಠವೂ ಬರಲಿ.

ಮೆಕ್ಸಿಕೊ ನಗರ ಸಮುದ್ರಮಟ್ಟದಿಂದ ೨,೨೪೦ ಮೀಟರ್ ಎತ್ತರದ ಬಟ್ಟಲಿನಂಥ ಕಣಿವೆಯಲ್ಲಿದೆ. ಆ ಬಟ್ಟಲಿನ ತಳದಲ್ಲಿ ಹಿಂದೆ ಒಂದಕ್ಕೊಂದು ತಗುಲಿಕೊಂಡ ಸರೋವರಗಳಿದ್ದುವು. ತೆಸ್ಕೊಕೊ ಸರೋವರದ ನೀರು ಉಪ್ಪು. ದಕ್ಷಿಣದ ಸೋಚಿಮಿಲ್ಕೊ, ಚಾಲ್ಕೊಗಳದು ಬುಗ್ಗೆಗಳಿಂದ ಉಕ್ಕಿದ ಸಿಹಿನೀರು. 'ಸೋಚಿಮಿಲ್ಕೊ' ಎಂದರೆ ನಾವಾತ್ಲ್ ನುಡಿಯಲ್ಲಿ 'ಹೂವಿನ ಹೊಲಗಳ ಎಡೆ' ಎಂದರ್ಥ. ಅಲ್ಲಿನ ಜನ ಆಳವಿಲ್ಲದ ಆ ನೀರಿನಲ್ಲಿ ಉದ್ದುದ್ದ ಆಯಾಕಾರವಾಗಿ ಗೂಟ ನೆಟ್ಟು, ಜೊಂಡು ಹೆಣೆದು, ಒಳಗೆ ಕಳೆಯನ್ನೂ ತಳದ ಕೆಸರನ್ನೂ ಪದರ ಪದರವಾಗಿ ಪೇರಿಸಿ, ನೀರಿನಿಂದ ಮೇಲೆದ್ದ ಗದ್ದೆಗಳನ್ನು ಮಾಡಿಕೊಂಡರು. ಇವಕ್ಕೆ ಚಿನಾಂಪ ಎಂದು ಹೆಸರು. ಅಂಚಿನ ಮಣ್ಣು ಕುಸಿಯದಂತೆ ಅವೆಹೊತೆ ಎಂಬ ಮರಗಳನ್ನು ಸಾಲಾಗಿ ನೆಟ್ಟರು. ಆ ಮರ ಕಂಬದಂತೆ ನೆಟ್ಟಗೆ ಬೆಳೆಯುವುದರಿಂದ ಬೆಳೆಗೆ ನೆರಳಿನ ಬಾಧೆಯಿಲ್ಲ. ಬೇರು ಮಾತ್ರ ದಡವನ್ನು ಹೊಲಿದು ಹಿಡಿಯುತ್ತದೆ. 'ತೇಲುವ ತೋಟ'ವೆಂದು ಪ್ರವಾಸಿಗರ ಕೈಪಿಡಿಗಳು ಹೊಗಳುವುದೆಲ್ಲ ಕವಿಸಮಯ. ಚಿನಾಂಪ ತೇಲುವುದಿಲ್ಲ, ತಳದಲ್ಲಿ ಬೇರೂರಿ ನಿಂತಿದೆ. ತೇಲುವುದು ದೋಣಿ ಮಾತ್ರ.

ಎರಡು ಚಿನಾಂಪಗಳ ನಡುವೆ ಉಳಿದ ನೀರೇ ಕಾಲುವೆ. ಈ ಮಾತನ್ನು ಓದುಗರು ಗಮನವಿಟ್ಟು ನೋಡಬೇಕು. ದೋಣಿ ಓಡಿಸಬೇಕೆಂದು ಯಾರೂ ಅಲ್ಲಿ ಕಾಲುವೆ ತೋಡಲಿಲ್ಲ. ಗದ್ದೆ ಮಾಡಿದ ಮೇಲೆ ಉಳಿದ ಎಡೆಯಲ್ಲಿ ದೋಣಿ ಓಡಿತು. ಆ ಕಾಲುವೆ ಹೂಳದೆ ಉಳಿದುದೂ ಬೇಸಾಯದಿಂದಲೇ. ರೈತ ಉದ್ದನೆಯ ಕೋಲಿನ ತುದಿಗೆ ಚೀಲ ಕಟ್ಟಿ ಕಾಲುವೆಯ ತಳದ ಕೆಸರನ್ನು ದೋಣಿಗೆ ಮೊಗೆದು ತುಂಬಿ, ಗದ್ದೆಯ ಮೂಲೆಯಲ್ಲಿ ದೋಸೆಯಂತೆ ಹರಡುತ್ತಾನೆ. ಅದು ಅರೆಬರೆ ಒಣಗಿದಾಗ ಚೌಕ ಚೌಕವಾಗಿ ಕೊಯ್ದು, ಒಂದೊಂದು ಚೌಕಕ್ಕೂ ಗುಳಿ ಒತ್ತಿ ಒಂದೊಂದು ಬೀಜವಿಟ್ಟು ಮುಚ್ಚುತ್ತಾನೆ. ಮೊಳೆತ ಸಸಿಯನ್ನು ಮಣ್ಣಿನ ಗಟ್ಟಿಯೊಡನೆಯೇ ಎತ್ತಿ ನೆಡುವುದರಿಂದ ಬೇರಿಗೆ ನೋವಿಲ್ಲ. ಹೀಗೆ ವರ್ಷದಲ್ಲಿ ಹಲವು ಬೆಳೆ. ಗದ್ದೆಗೆ ಗೊಬ್ಬರವಾಯಿತು, ಕಾಲುವೆಗೆ ಹೂಳೆತ್ತಿದಂತಾಯಿತು, ದೋಣಿಗೆ ದಾರಿಯಾಯಿತು. ಒಂದೇ ಕೈಕೆಲಸದಲ್ಲಿ ಮೂರು ಫಲ!

ಅಸ್ತೇಕರು ೧೩೨೫ರಲ್ಲಿ ಸ್ಥಾಪಿಸಿದ ತೆನೊಚ್ತಿತ್ಲಾನ್ ಎಂಬ ಜಲನಗರಕ್ಕೆ ಅನ್ನವಿಕ್ಕಿದ್ದು ಈ ಗದ್ದೆಗಳು. ೧೫೨೧ರಲ್ಲಿ ಸ್ಪೇನಿನ ಕೊರ್ತೆಸನು ಆ ನಗರವನ್ನು ಮುತ್ತುವ ಮುನ್ನ ಸೋಚಿಮಿಲ್ಕೊವಿನಲ್ಲೇ ಕುದುರೆಯಿಂದ ಬಿದ್ದು, ಸೆರೆಸಿಕ್ಕುವುದರಿಂದ ಕೂದಲೆಳೆಯಲ್ಲಿ ಪಾರಾದನು. ಗೆದ್ದ ಮೇಲೆ ಸ್ಪೇನಿನವರಿಗೆ ನೀರು ಶತ್ರುವಾಗಿ ಕಂಡಿತು. ೧೬೦೭ರಲ್ಲಿ ಬೆಟ್ಟ ಕೊರೆದು ಸರೋವರದ ನೀರನ್ನು ಹೊರಗೆ ಬಿಡಲು ತೊಡಗಿದರು. ೧೬೨೯ರ ಪ್ರವಾಹ ಅವರನ್ನು ಅಣಕಿಸಿತು. ರಾಜಧಾನಿ ಐದು ವರ್ಷ ನೀರಿನಲ್ಲೇ ನಿಂತಿತು. ಆದರೂ ಬರಿದುಮಾಡುವ ಹಟ ನಿಲ್ಲಲಿಲ್ಲ. ಸರೋವರಗಳು ಬತ್ತಿದುವು. ದಕ್ಷಿಣದ ಮೂಲೆಯ ಕಾಲುವೆಗಳು ಮಾತ್ರ ಉಳಿದುವು. ಅಲ್ಲಿಂದ ಲಾ ವಿಗಾ ಎಂಬ ದೊಡ್ಡ ಕಾಲುವೆಯ ಮೂಲಕ ಹೂವು ತರಕಾರಿಗಳ ದೋಣಿಗಳು ನಗರದ ಹೃದಯಕ್ಕೇ ಹೋಗುತ್ತಿದ್ದುವು. ಇಪ್ಪತ್ತನೆಯ ಶತಮಾನದಲ್ಲಿ ಅದನ್ನೂ ಮುಚ್ಚಿ ರಸ್ತೆ ಮಾಡಿದರು. ಕಾಲುವೆಯ ಹೆಸರು ರಸ್ತೆಗೆ ಉಳಿಯಿತು.

ಇಂದು ಸೋಚಿಮಿಲ್ಕೊವಿನಲ್ಲಿ ಸುಮಾರು ೧೭೦ ಕಿಲೋಮೀಟರ್ ಉದ್ದದ ಕಾಲುವೆಗಳಿವೆ. ೧೯೮೭ರಲ್ಲಿ ಮೆಕ್ಸಿಕೊ ನಗರದ ಹಳೆಯ ಭಾಗದೊಡನೆ ಇದನ್ನೂ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿ ಏರುವ ದೋಣಿಗೆ ತ್ರಾಹಿನೇರ ಎಂದು ಹೆಸರು. ಚಪ್ಪಟೆ ತಳ, ಮೇಲೆ ಚಪ್ಪರ, ನಡುವೆ ಉದ್ದನೆಯ ಮೇಜು, ಎರಡು ಕಡೆ ಕುರ್ಚಿ. ಮುಂದಿನ ಕಮಾನಿನ ಮೇಲೆ ಹೆಂಗಸಿನ ಹೆಸರೊಂದನ್ನು ಬರೆದಿರುತ್ತಾರೆ. ಹಿಂದೆ ಆ ಹೆಸರನ್ನು ಹೂವುಗಳಿಂದಲೇ ಪೋಣಿಸುತ್ತಿದ್ದರು; ಈಗ ಬಣ್ಣ ಬಳಿದುದೇ ಹೆಚ್ಚು. ಹುಟ್ಟು ಇಲ್ಲ, ನಮ್ಮ ಕಡವಿನಂತೆಯೇ ಉದ್ದ ಗಳುವಿನಿಂದ ನೂಕುವುದು. ಪಕ್ಕಕ್ಕೆ ಇನ್ನೊಂದು ದೋಣಿ ತಾಗಿ ನಿಂತರೆ ಅದರಲ್ಲಿ ಸುಟ್ಟ ಜೋಳದ ತೆನೆ. ಮತ್ತೊಂದರಲ್ಲಿ ಹೂವಿನ ಕುಂಡಗಳು. ಮಗದೊಂದರಲ್ಲಿ ಪಿಟೀಲು, ತುತ್ತೂರಿ, ಗಿಟಾರುಗಳ ಮರಿಯಾಚಿ ಮೇಳ, ಹಾಡಿಗೆ ಇಷ್ಟೆಂದು ದರ. ನವೆಂಬರಿನ ಆರಂಭದ ಪಿತೃದಿನಗಳ ಸುಮಾರಿಗೆ ಕತ್ತಲ ಕಾಲುವೆಯಲ್ಲಿ, ಮಕ್ಕಳನ್ನು ಕಳೆದುಕೊಂಡು ಅಲೆಯುವ ಹೆಣ್ಣಿನ ಪ್ರೇತಕಥೆಯನ್ನು ನಾಟಕವಾಗಿ ಆಡುತ್ತಾರೆ. ನೋಡುವವರು ದೋಣಿಗಳಲ್ಲೇ ಕುಳಿತಿರುತ್ತಾರೆ. ೧೯೪೩ರಲ್ಲಿ ತಯಾರಾದ 'ಮರೀಯಾ ಕಾಂದೆಲಾರಿಯಾ' ಚಲನಚಿತ್ರದಲ್ಲಿ ದೋಲೊರೆಸ್ ದೆಲ್ ರೀಯೊ ಇದೇ ಕಾಲುವೆಗಳ ಹೂವಾಡಗಿತ್ತಿಯಾಗಿ ನಟಿಸಿದಳು. ೧೯೪೬ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಆ ಚಿತ್ರಕ್ಕೆ ಬಹುಮಾನ ಬಂದ ಮೇಲೆ ಸೋಚಿಮಿಲ್ಕೊವಿನ ಹೆಸರು ಜಗದಗಲ ಹಬ್ಬಿತು.

ಊರಿನ ಇನ್ನೊಂದು ಆಚಾರ ನನಗೆ ಬಹಳ ಹಿಡಿಸಿತು. ನಿನ್ಯೋಪಾನ್ ಎಂಬ, ಶತಮಾನಗಳಷ್ಟು ಹಳೆಯದಾದ ಬಾಲಯೇಸುವಿನ ಮರದ ಮೂರ್ತಿಯೊಂದು ಅಲ್ಲಿದೆ. ಅದು ಯಾವ ಗುಡಿಯಲ್ಲೂ ನೆಲೆನಿಲ್ಲುವುದಿಲ್ಲ. ವರ್ಷಕ್ಕೊಂದು ಮನೆಯಲ್ಲಿ ಮಗುವಾಗಿ ಬೆಳೆಯುತ್ತದೆ. ಪ್ರತಿ ಫೆಬ್ರವರಿ ೨ರಂದು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತದೆ. ಮಗುವಿಗೆ ತೊಡಿಸಿ ಉಣಿಸಿ ಮಲಗಿಸುವ, ಬಂದವರಿಗೆಲ್ಲ ಅನ್ನವಿಕ್ಕುವ ಆ ಒಂದು ವರ್ಷದ ಭಾಗ್ಯಕ್ಕಾಗಿ ಸರದಿಯ ಪಟ್ಟಿ ದಶಕಗಳಷ್ಟು ಮುಂದಕ್ಕೆ ತುಂಬಿದೆ. ಭೂತದ ಭಂಡಾರ ಮನೆತನಗಳ ಹೊಣೆಯಲ್ಲಿರುವ ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಸೊಬಗಿನ ಕೆಳಗೆ ನೀರಿನ ಕಥೆ ಬೇರೆಯೇ ಇದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೆಳೆಯುತ್ತಿದ್ದ ರಾಜಧಾನಿಗೆ ಕುಡಿಯುವ ನೀರು ಸಾಲದೆ, ಸೋಚಿಮಿಲ್ಕೊವಿನ ಬುಗ್ಗೆಗಳಿಗೇ ಕೊಳವೆ ಹಾಕಿ ಎಳೆದೊಯ್ದರು. ಶತಮಾನದ ನಡುವಿನ ಹೊತ್ತಿಗೆ ಬುಗ್ಗೆಗಳು ಒಣಗಿದುವು. ಅಂದಿನಿಂದ ಕಾಲುವೆಗಳನ್ನು ತುಂಬಿಸುತ್ತಿರುವುದು ನಗರದ ಕೊಳೆನೀರನ್ನು ಶುದ್ಧಿಮಾಡಿ ಮರಳಿ ಬಿಟ್ಟ ನೀರು. ನೆಲದೊಳಗಿನ ನೀರನ್ನು ಹೀರಿದ್ದರ ಫಲವಾಗಿ ನೆಲವೇ ಕುಸಿಯುತ್ತಿದೆ. ೨೦೧೭ರ ಜನವರಿಯಲ್ಲಿ ಒಂದು ಕಾಲುವೆಯ ತಳ ಬಾಯಿಬಿಟ್ಟು ನೀರು ಪಾತಾಳಕ್ಕೆ ಸುರಿಯಿತು. ಊರಿನವರು ಮರಳುಚೀಲ ಒಡ್ಡಿ ತಡೆಯಬೇಕಾಯಿತು. ಆ ನೀರಿನದೇ ಕುಡಿಯಾದ ಆಕ್ಸೊಲೋಟಲ್ ಎಂಬ ಪ್ರಾಣಿಯೊಂದಿದೆ. ಬೆಳೆದರೂ ಕಿವಿರು ಕಳಚದ, ಕಾಲು ಕಡಿದರೆ ಮತ್ತೆ ಚಿಗುರಿಸಿಕೊಳ್ಳುವ ಅದ್ಭುತ ಜೀವಿ. ೧೯೯೮ರ ಎಣಿಕೆಯಲ್ಲಿ ಚದರ ಕಿಲೋಮೀಟರಿಗೆ ೬,೦೦೦ ಇದ್ದ ಇದು ೨೦೧೪ರಲ್ಲಿ ೩೬ಕ್ಕೆ ಇಳಿದಿತ್ತು. ಜನರ ಆಹಾರಕ್ಕೆಂದು ತಂದುಬಿಟ್ಟ ತಿಲಾಪಿಯ, ಕಾರ್ಪ್ ಮೀನುಗಳು ಅದರ ಮೊಟ್ಟೆ ಮರಿಗಳನ್ನು ನುಂಗಿದುವು. ೨೦೨೧ರಲ್ಲಿ ದೇಶದ ೫೦ ಪೆಸೊ ನೋಟಿನ ಮೇಲೆ ಅದರ ಚಿತ್ರ ಬಂದಿತು. ಹೊಳೆಯಲ್ಲಿ ಕಾಣದವನು ನೋಟಿನಲ್ಲಿ ಕಾಣಿಸಿಕೊಂಡ!

ಬೇಸಾಯ ಬಿಟ್ಟ ಚಿನಾಂಪಗಳು ಅನೇಕ. ಕೆಲವು ಕಾಲ್ಚೆಂಡಿನ ಅಂಗಣಗಳಾಗಿವೆ, ಕೆಲವದರ ಮೇಲೆ ಮನೆ ಎದ್ದಿದೆ. ದೋಣಿಗಳ ಸಂಖ್ಯೆಗೇನೂ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಅನೇಕ ಕುಡಿತ ಕುಣಿತಗಳ ತೇಲುವ ಅಂಗಡಿಗಳಾದುವು. ೨೦೧೯ರಲ್ಲಿ ಯುವಕನೊಬ್ಬ ನೀರುಪಾಲಾದ ಮೇಲೆ ಮದ್ಯಕ್ಕೆ ಮಿತಿ ಹಾಕಿದರು. ಕೆಸರೆತ್ತುವ ರೈತನಿಲ್ಲದಿದ್ದರೆ ಕಾಲುವೆ ಹೂಳುತ್ತದೆಂಬುದು, ದಡದ ಮರ ಸತ್ತರೆ ದಡ ಜಾರುತ್ತದೆಂಬುದು ದೋಣಿಯಲ್ಲಿ ಕುಳಿತವನಿಗೆ ಕಾಣಿಸುವುದಿಲ್ಲ. ಇದನ್ನರಿತ ಕೆಲವರು ಈಗ ಪ್ರವಾಸಿಗರನ್ನು ಬೆಳಗಿನ ಜಾವದಲ್ಲೇ ಕರೆದೊಯ್ದು, ದುಡಿಯುತ್ತಿರುವ ಗದ್ದೆಗಳ ನಡುವೆ ಮೆಲ್ಲನೆ ಸಾಗಿ, ಅಲ್ಲೇ ಬೆಳೆದ ಸೊಪ್ಪು ಮೂಲಂಗಿಗಳನ್ನು ಕೊಳ್ಳುವಂತೆ ಮಾಡುತ್ತಿದ್ದಾರೆ. ನನಗೆ ಇಷ್ಟವಾದ ಪ್ರವಾಸ ಇದು.

ಈಗ ನಮ್ಮ ತೋಟಕ್ಕೆ ಬರೋಣ. ಪುತ್ತೂರು, ಸುಳ್ಯ, ಕಡಬಗಳ ಹಳೆಯ ಅಡಿಕೆತೋಟವೊಂದರಲ್ಲಿ ನಿಂತು ನೋಡಿದರೆ ಕಾಣುವುದೇನು? ಎರಡು ಗುಡ್ಡಗಳ ನಡುವಿನ ತಗ್ಗು; ಅಡಿಕೆಯ ಸಾಲುಗಳ ನಡುನಡುವೆ ಎರಡು ಮೂರು ಅಡಿ ಆಳದ ಕಣಿಗಳು; ಕಣಿಗಳೆಲ್ಲ ಕೂಡುವ ತೋಡು; ತೋಡು ಸೇರುವ ಹೊಳೆ. ಚಿನಾಂಪದವನು ನೀರಿನಿಂದ ನೆಲವನ್ನು ಮೇಲೆತ್ತಿದ. ನಮ್ಮವನು ನೆಲದಿಂದ ನೀರನ್ನು ಕೆಳಗಿಳಿಸಿದ. ಲೆಕ್ಕ ಒಂದೇ: ಬೇರಿಗೆ ತೇವ ಬೇಕು, ಆದರೆ ಬೇರು ನೀರಿನಲ್ಲಿ ನಿಂತಿರಬಾರದು. ಮಳೆಗಾಲದಲ್ಲಿ ನೀರನ್ನು ಬಸಿದುಕೊಡುವ ಕಣಿಯೇ ಬೇಸಗೆಯಲ್ಲಿ ನೀರನ್ನು ತಂದುಕೊಡುತ್ತಿತ್ತು. ಆಳು ಕಣಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಅಡಿಕೆಯ ಹಾಳೆಯಿಂದ ಎಡಕ್ಕೂ ಬಲಕ್ಕೂ ಮರದ ಬುಡಗಳಿಗೆ ನೀರು ಚಿಮ್ಮುತ್ತಿದ್ದ. ಕಣಿಯಲ್ಲಿ ಸೇರಿದ ಮೆಕ್ಕಲನ್ನು ಎತ್ತಿ ಮತ್ತೆ ಬುಡಕ್ಕೇ ಹಾಕುತ್ತಿದ್ದರು. ಕೋಲಿಗೆ ಚೀಲ ಕಟ್ಟಿದ ಮೆಕ್ಸಿಕೊದ ರೈತನೂ ಹಾರೆ ಹಿಡಿದ ನಮ್ಮ ರೈತನೂ ಒಬ್ಬರನ್ನೊಬ್ಬರು ಕಂಡರೆ ದುಭಾಷಿಯ ಅಗತ್ಯವೇ ಇರಲಾರದು.

ಆ ಬೇಸಗೆಯ ನೀರು ಬರುತ್ತಿದ್ದುದು ಕಟ್ಟದಿಂದ. ಮಳೆ ನಿಂತು ಹೊಳೆ ಇಳಿದಾಗ, ತೋಡಿಗೆ ಅಡ್ಡವಾಗಿ ಕಾಡುಗಲ್ಲು ಪೇರಿಸಿ, ನಡುವೆ ಮಣ್ಣು ಸೊಪ್ಪುಗಳನ್ನು ತುಳಿದು ತುಂಬಿ, ಊರವರೆಲ್ಲ ಸೇರಿ ಕಟ್ಟ ಕಟ್ಟುತ್ತಿದ್ದರು. ಯಾರ ತೋಟ ಎಷ್ಟೋ ಅಷ್ಟು ಆಳಿನ ಪಾಲು. ನೀರು ಬಿಡುವ ಸರದಿಗೂ ಲೆಕ್ಕವಿತ್ತು. ಜಗಳವೂ ಇತ್ತು, ಇಲ್ಲವೆನ್ನಲಾರೆ. ಮೇ ಕೊನೆಯ ಮೊದಲ ಹೊಡೆತಕ್ಕೆ ಕಟ್ಟ ಕೊಚ್ಚಿಹೋಗುತ್ತಿತ್ತು. ಮರುವರ್ಷ ಮತ್ತೆ ಕಟ್ಟಬೇಕು. ಕೊಚ್ಚಿಹೋಗುವುದೇ ಅದರ ಗುಣ. ಹೂಳು ನಿಲ್ಲುವುದಿಲ್ಲ, ಮೀನು ಮೇಲೇರಲು ತಡೆಯಿಲ್ಲ, ತಿಂಗಳುಗಟ್ಟಲೆ ನಿಂತ ನೀರು ಸುತ್ತಣ ಬಾವಿಗಳಿಗೆಲ್ಲ ಇಳಿದು ಸೇರುತ್ತದೆ. ಕೊಳವೆಬಾವಿ ಬಂದ ಮೇಲೆ ಊರವರನ್ನು ಕಾಯುವ ಗೊಡವೆ ಯಾರಿಗೆ ಬೇಕು? ಗುಂಡಿಯೊತ್ತಿದರೆ ತುಂತುರು ನೀರು. ಕಟ್ಟಗಳು ಒಂದೊಂದಾಗಿ ನಿಂತುವು. ಕಣಿಗಳು ತರಗೆಲೆಯಿಂದ ತುಂಬಿದುವು. ಕೆಲವರು ಸಾಲು ಹೆಚ್ಚಿಸಲೆಂದು ಕಣಿಯನ್ನೇ ಮುಚ್ಚಿದರು. ಪುತ್ತೂರಿನಿಂದಲೇ ೧೯೮೮ರಿಂದ ಹೊರಡುತ್ತಿರುವ 'ಅಡಿಕೆ ಪತ್ರಿಕೆ' ಇದನ್ನು ವರ್ಷವರ್ಷವೂ ಎಚ್ಚರಿಸುತ್ತ ಬಂದಿದೆ. ಕೆಲವು ಊರುಗಳಲ್ಲಿ ಕಟ್ಟಗಳು ಮತ್ತೆ ಎದ್ದಿರುವುದು ಸಂತೋಷದ ಸಂಗತಿ. ಇತ್ತ ಸುಳ್ಯದ ಸಂಪಾಜೆ, ಅರಂತೋಡು, ಮರ್ಕಂಜಗಳ ಕಡೆ ಹಳದಿ ಎಲೆ ರೋಗ ಬಂದು, ಅಡಿಕೆಯ ಆಸೆಯನ್ನೇ ಬಿಟ್ಟ ಮನೆಗಳಿವೆ. ಚಿನಾಂಪದವನ ಸಂಕಟ ಅವರಿಗೆ ಅರ್ಥವಾದೀತು.

ಒಂದು ವಿಷಯದಲ್ಲಿ ಮಾತ್ರ ನಾವು ಅವರಿಗಿಂತ ಭಾಗ್ಯವಂತರು. ಸುಳ್ಯ ತಾಲೂಕಿನ ತೊಡಿಕಾನದ ಮಲ್ಲಿಕಾರ್ಜುನ ದೇವಾಲಯದ ಬಳಿಯ ಮತ್ಸ್ಯತೀರ್ಥದಲ್ಲಿ, ಕುಕ್ಕೆಯ ಕುಮಾರಧಾರೆಯ ಸ್ನಾನಘಟ್ಟದಲ್ಲಿ, ಹಿಂಡುಹಿಂಡು ಮೀನುಗಳು ಯಾತ್ರಿಕರ ಕೈಯ ಅಕ್ಕಿಗೆ ಮುಗಿಬೀಳುತ್ತವೆ. ಅವು ದೇವರ ಮೀನುಗಳು, ಬಲೆ ಬೀಸುವವರಿಲ್ಲ. ಆಕ್ಸೊಲೋಟಲ್ಲಿಗೆ ಅಂಥದೊಂದು ಹರಕೆಯ ರಕ್ಷೆ ಇದ್ದಿದ್ದರೆ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ. ಆದರೆ ದೇವರ ಮೀನಿಗೂ ಹರಿಯುವ ನೀರು ಬೇಕು.

ಆದುದರಿಂದ, ಉಪ್ಪಿನಂಗಡಿಯಲ್ಲಿ ದೋಣಿ ಬಿಡುವುದಾದರೆ ಅದಕ್ಕೆ ನನ್ನ ವಿರೋಧವಿಲ್ಲ. ನಾನೇ ಮೊದಲು ಟಿಕೆಟು ಕೊಳ್ಳುತ್ತೇನೆ. ಆದರೆ ಮೋಟಾರಿನ ಗದ್ದಲದೊಡನೆ ಹಿನ್ನೀರಿನಲ್ಲಿ ಎರಡು ಸುತ್ತು ಹಾಕಿ ಇಳಿಸುವುದಾದರೆ ಅದನ್ನು ಯಾವ ಊರಿನಲ್ಲಾದರೂ ಮಾಡಬಹುದು. ಸಂಗಮದಲ್ಲಿ ದೋಣಿಯೇರಿ, ಎರಡು ಹೊಳೆಗಳ ನೀರಿನ ಬಣ್ಣ ಬೇರೆ ಬೇರೆಯಾಗಿ ಸ್ವಲ್ಪ ದೂರ ಜೊತೆಜೊತೆಗೆ ಸಾಗುವುದನ್ನು ಕಂಡು, ನೀರು ಬಿಡುವಷ್ಟು ದೂರ ಕುಮಾರಧಾರೆಯಲ್ಲಿ ಮೇಲೇರಿ, ದಡದ ತೋಟವೊಂದರಲ್ಲಿಳಿದು ಕಣಿಯ ಗುಂಟ ನಡೆದು, ಊರವರು ಕಟ್ಟ ಕಟ್ಟುವುದನ್ನು ನೋಡಿ, ಸಾಧ್ಯವಾದರೆ ಒಂದು ಕಲ್ಲು ಹೊತ್ತು, ತೋಟದವರ ಮನೆಯಲ್ಲಿ ಗಂಜಿಯೂಟ ಮಾಡಿ ಮರಳುವಂತಿರಬೇಕು. ಗಳು ಹಿಡಿಯುವವನು ಹಳೆಯ ಕಡವಿನ ಮನೆತನದವನಾಗಿದ್ದರೆ ಹೊಳೆಯ ಗುಂಡಿ, ಸುಳಿ, ಬಂಡೆಗಳ ಹೆಸರುಗಳಾದರೂ ಇನ್ನೊಂದು ತಲೆಮಾರಿಗೆ ಉಳಿದಾವು. ಸಿಕ್ಕಿದ ಹಣದಲ್ಲಿ ಒಂದು ಪಾಲು ಕಟ್ಟಕ್ಕೆ ಸಲ್ಲಬೇಕು. ಕಟ್ಟವಿಲ್ಲದಿದ್ದರೆ ತೋಡಿಲ್ಲ, ತೋಡಿಲ್ಲದಿದ್ದರೆ ಮಾರ್ಚಿನಲ್ಲಿ ಹೊಳೆಯಿಲ್ಲ.

ಒಂದು ತೊಡಕು ಉಳಿದಿದೆ. ಅದನ್ನು ಬಗೆಹರಿಸದೆ ದೋಣಿ ಇಳಿಸಲಾಗದು. ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರ ದೇವಾಲಯದ ಮುಂದೆ, ನೇತ್ರಾವತಿಯ ಮರಳಿನ ನಡುವೆ, ಉದ್ಭವಲಿಂಗವಿದೆ. ಮಳೆಗಾಲವೆಲ್ಲ ನೀರಿನಡಿಯಲ್ಲಿದ್ದು, ಹೊಳೆ ಇಳಿದ ಮೇಲೆ ಮರಳು ಸರಿಸಿ ಪೂಜಿಸುವ ಲಿಂಗ ಅದು. ಹುಣ್ಣಿಮೆ, ಅಷ್ಟಮಿ, ಶಿವರಾತ್ರಿಗಳ ಮೂರು ಮಖೆಗಳಿಗೆ ಸುತ್ತಿನ ಊರುಗಳಿಂದ ಜನ ಬಂದು ಆ ಮರಳಿನ ಮೇಲೆ ನಡೆಯುತ್ತಾರೆ. ಅಣೆಕಟ್ಟಿನ ಹಲಗೆ ಇಳಿದಿದ್ದರೆ ಲಿಂಗವೂ ಮರಳೂ ಹಿನ್ನೀರಿನಡಿಯಲ್ಲಿ. ತೋಟದವನಿಗೆ, ದೋಣಿಯವನಿಗೆ ನೀರು ನಿಲ್ಲಬೇಕು. ಮಖೆಗೆ ಬಂದವನಿಗೆ ನೀರು ಇಳಿಯಬೇಕು. ನವೆಂಬರಿನಿಂದ ಹುಣ್ಣಿಮೆ ಮಖೆಯ ಮುನ್ನಾ ವಾರದವರೆಗೆ ದೋಣಿ. ಆಮೇಲೆ ಹಲಗೆಯೆತ್ತಿ, ದೋಣಿಗಳನ್ನು ದಡಕ್ಕೆಳೆದು ಬೋರಲು ಹಾಕಿ, ಹೊಳೆಯನ್ನು ಶಿವರಾತ್ರಿಯವರೆಗೆ ಮಖೆಗೆ ಬಿಟ್ಟುಕೊಡುವುದು. ಶಿವರಾತ್ರಿ ಕಳೆದ ಬೆಳಿಗ್ಗೆ ಹಲಗೆಯನ್ನು ಮತ್ತೆ ಇಳಿಸುವುದು. ಆಗ ಹೊಳೆಯಲ್ಲಿ ಉಳಿದ ಹರಿವು ತೋಟಗಳಿಗೆ ಸಾಕಾಗುವಷ್ಟು ತುಂಬೀತೇ ಎಂಬುದು ಆ ವರ್ಷ ಮೇಲಿನ ತೋಡುಗಳಲ್ಲಿ ಎಷ್ಟು ಕಟ್ಟಗಳು ಎದ್ದಿವೆ ಎಂಬುದರ ಮೇಲೆ ನಿಂತಿದೆ.